ಕೋಸಿನ ಪೀಪಾಯಿಯ ಕಲ್ಲು

"ಇದು ಕಲ್ಲಿದ್ದಲಲ್ಲ, ನನ್ನ ಸವತಿ!"

ಕಾಲಿಪಾ ಅಜ್ಜಿ ಒಲೆಯ ಬಾಯಿಗೆ ಮುಖವಿಟ್ಟು ಇನ್ನೊಮ್ಮೆ ಊದಿದಳು. ಒಲೆ ಒಂದಿಷ್ಟು ಹೊಗೆ ಉಗುಳಿ ಸುಮ್ಮನಾಯಿತು.

"ಬೆಳಗಿಂದ ಊದ್ತಾ ಇದೀನಿ. ನಾನು ಬಿಸಿಯಾದೆ, ಅದಾಗ್ಲಿಲ್ಲ."

ತುರ್ಸುನಾಯಿ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು, ಕುಡಿಯದೆ ಮತ್ತೆ ಕೆಳಗಿಟ್ಟಳು. ಬೆಳಗಿನಿಂದ ಇದು ನಾಲ್ಕನೆಯದೋ ಐದನೆಯದೋ ಮನೆ. ಎಲ್ಲ ಮನೆಯಲ್ಲೂ ಚಹಾ, ಎಲ್ಲ ಮನೆಯಲ್ಲೂ ಹೊಗೆ.

ಗುರುವಾರ ಮಧ್ಯಾಹ್ನ ಕಲ್ಲಿದ್ದಲಿನ ಟಿಪ್ಪರೊಂದು ಸೇತುವೆಯನ್ನೂ ಜೊತೆಗೆ ಕರೆದುಕೊಂಡು ಹೊಳೆಗೆ ಬಿದ್ದಿತ್ತು. ಗಣಿಯ ಬಾಗಿಲಲ್ಲಿ ಲಾರಿಗಳ ತೂಕ ನೋಡುತ್ತಿದ್ದ ಅಸಾನ್ಕುಲ್ ಕ್ಯಾಬಿನ್ನಿನಲ್ಲೇ ಸತ್ತಿದ್ದ. ಡ್ರೈವರ್ ಮೆದೆರ್ ಬದುಕಿ, ಕಾವಲಿನೊಂದಿಗೆ ಆಸ್ಪತ್ರೆ ಸೇರಿದ್ದ. ಮಿತಿ ಮೀರಿ ಲೋಡು ಹೇರಿ ಒಬ್ಬನ ಸಾವಿಗೆ ಕಾರಣನಾದ ಎಂಬ ಆರೋಪಕ್ಕೆ ತನಿಖಾಧಿಕಾರಿ ತುರ್ಸುನಾಯಿ ಇವತ್ತು ಸಂಜೆಯೊಳಗೆ ರುಜು ಹಾಕಬೇಕಿತ್ತು. ಹಾಕಿದರೆ ಇನ್ನೂ ಮೀಸೆ ಸರಿಯಾಗಿ ಮೂಡದ ಆ ಹುಡುಗನಿಗೆ ಜೈಲು ಖಾತ್ರಿ.

ರುಜು ಹಾಕುವುದಕ್ಕೆ ಮುಂಚೆ ಲೋಡನ್ನೊಮ್ಮೆ ಕಣ್ಣಾರೆ ನೋಡೋಣ ಎಂದುಕೊಂಡಿದ್ದಳು. ಲೋಡು ಇರಬೇಕಲ್ಲ! ಹುಡುಗನನ್ನು ನೀರಿನಿಂದ ಎಳೆದು ದಡಕ್ಕೆ ಹಾಕಿದವರು ಈ ಊರಿನವರೇ. ಆ ಪುಣ್ಯದ ಕೆಲಸ ಮುಗಿಯುತ್ತಿದ್ದ ಹಾಗೆ ಕತ್ತೆ, ಚೀಲ, ಮಗುವಿನ ತಳ್ಳುಗಾಡಿ, ಬಾಣಲೆ ಎಲ್ಲವೂ ಹೊಳೆಯ ದಂಡೆಗೆ ಬಂದವು. ಆಂಬುಲೆನ್ಸ್ ಬಂದಾಗ ದಂಡೆಯನ್ನು ಗುಡಿಸಿ ಒರೆಸಿದ ಹಾಗಿತ್ತಂತೆ. ಸಾಕ್ಷಿ ಎನ್ನಬಹುದಾದದ್ದೆಲ್ಲ ಈಗ ಊರ ಒಲೆಗಳಲ್ಲಿತ್ತು.

"ಮಗಾ," ಅಜ್ಜಿ ಬಾಗಿಲ ಬಳಿ ನಿಂತಿದ್ದ ಶೆರಾಲಿಗೆ ಹೇಳಿದಳು, "ಆ ಪೀಪಾಯಿ ಮೇಲಿನ ಕಲ್ಲು ಇಳಿಸು. ಕೋಸಿನ ಉಪ್ಪಿನಕಾಯಿ ತೆಗೀತೀನಿ. ಆಲೂಗಡ್ಡೆ ಜೊತೆ ತಿನ್ಕೊಂಡು ಹೋಗೋರಂತೆ."

ಶೆರಾಲಿ ಜಿಲ್ಲಾ ಪೊಲೀಸ್ ಕಚೇರಿಯ ಜೀಪು ಓಡಿಸುವವನು. ಅದಕ್ಕೆ ಮೊದಲು ಇದೇ ಕಣಿವೆಯಲ್ಲಿ ವರ್ಷಗಟ್ಟಲೆ ಟಿಪ್ಪರ್ ಓಡಿಸಿದ್ದ. ಎಂಥ ಮನೆಗೆ ಹೋದರೂ ಎರಡನೇ ಬಟ್ಟಲು ಚಹಾದ ಹೊತ್ತಿಗೆ ಆ ಮನೆಯ ಮಗನಾಗಿಬಿಡುವ ವಿದ್ಯೆ ಅವನಿಗಿತ್ತು.

ಅವನು ಪೀಪಾಯಿಯ ಮುಂದೆ ಕಾಲಗಲಿಸಿ ನಿಂತ. ಮಂಡಿ ಬಗ್ಗಿಸಿದ. ಬಲಗೈಯನ್ನು ಕಲ್ಲಿನ ಅಡಿಗೆ ತೂರಿಸಿ, ಹೊಟ್ಟೆಗೆ ಆನಿಸಿಕೊಂಡು, ಉಸಿರು ಬಿಗಿಹಿಡಿದು ಎತ್ತಿ, ನೆಲಕ್ಕಿಟ್ಟ.

"ಕೋಸಿನ ಕಲ್ಲೆತ್ತೋಕೆ ಇಷ್ಟು ಸಂಭ್ರಮವಾ?" ಅಜ್ಜಿ ನಕ್ಕಳು. "ನಮ್ಮೋರು ಕುರೀನ ಕಂಕುಳಲ್ಲಿ ಇಟ್ಕೊಂಡು ಕುದುರೆ ಹತ್ತೋರು. ನಿನ್ನ ಇನ್ನೊಂದು ಕೈ ಏನು ರಜೆ ಹಾಕಿದೆಯಾ?"

"ಜೇಬಲ್ಲಿ ಬೆಚ್ಚಗಿದೆ ಅಜ್ಜಿ. ನಿಮ್ಮನೇಲಿ ಬೆಚ್ಚಗಿರೋ ಜಾಗ ಅದೊಂದೇ."

ತುರ್ಸುನಾಯಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಗೆ ಹೋದಳು. ದಾರಿಗಡ್ಡವಾಗಿದ್ದ ಕಲ್ಲನ್ನು ಬೂಟಿನ ತುದಿಯಿಂದ ಸರಿಸಿದಳು. ಅದು ಸರಿಯಲಿಲ್ಲ.

ಇಟ್ಟಿಗೆಗಿಂತ ತುಸು ದೊಡ್ಡದು, ಅಷ್ಟೇ. ಬಗ್ಗಿ, ಅಷ್ಟು ಗಾತ್ರದ ಕಲ್ಲನ್ನು ಯಾರಾದರೂ ಎತ್ತುವ ಹಾಗೆ ಎತ್ತಿದಳು. ಕಲ್ಲು ಅವಳನ್ನೇ ಕೆಳಗೆಳೆಯಿತು. ಕೈಜಾರಿ, ಕಾಲ ಪಕ್ಕದಲ್ಲೇ ಬಿದ್ದು, ನೆಲದ ಹಲಗೆಯೊಂದು ಸೀಳಿತು.

"ಅಯ್ಯೋ ನನ್ನ ನೆಲ! ಸರ್ಕಾರ ಮನೆಗೆ ಬಂದ್ರೆ ಇದೇ ಗತಿ!"

"ಅಜ್ಜಿ, ಈ ಕಲ್ಲೆಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ಆ ದರಿದ್ರ ಕಲ್ಲಿದ್ದಲಲ್ಲೇ. ಎಲ್ಲರ ಮನೆಗೂ ಬಂದಿದೆ. ಉರಿಯೋದಿಲ್ಲ, ಒಡೆಯೋದಿಲ್ಲ. ಕೋಸಿನ ಮೇಲಾದ್ರೂ ಕೂರ್ಲಿ ಅಂತ ನನ್ನ ಅಳಿಯನ ಕೈಲಿ ಇಡಿಸಿದೆ. ಅವನೂ ಮೊದಲನೇ ಸಲ ಕಾಲ್ಮೇಲೆ ಹಾಕ್ಕೊಂಡ, ಪಾಪ."

ತುರ್ಸುನಾಯಿ ಮಂಡಿಯೂರಿ ಕಲ್ಲಿನ ಮೇಲಿನ ಕರಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಕರಿಯ ಕೆಳಗೆ ಬೂದು ಬಣ್ಣ, ಕನ್ನಡಿಯ ಚೂರುಗಳಂಥ ಹೊಳಪು, ಪುಟ್ಟಪುಟ್ಟ ಚೌಕದ ಮೆಟ್ಟಿಲುಗಳು. ಶಾಲೆಯಲ್ಲಿದ್ದಾಗ ಗಾಜಿನ ಪೆಟ್ಟಿಗೆಯೊಳಗೆ ಇಂಥದ್ದನ್ನು ಕಂಡಿದ್ದಳು. ಆಚೆ ಕಣಿವೆಯ ಹಳೇ ಗಣಿ ಮುಚ್ಚುವ ಮೊದಲು ಅಲ್ಲಿಂದ ತಂದಿಟ್ಟದ್ದು.

"ಸೀಸದ ಅದಿರು," ಎಂದಳು. "ಅಜ್ಜಿ, ಆ ಕೋಸು ತಿನ್ಬೇಡಿ. ಹೊರಗೆ ಚೆಲ್ಲಿ."

"ಮೊದಲು ನೆಲ, ಈಗ ಕೋಸು," ಅಜ್ಜಿ ಶೆರಾಲಿಯ ಕಡೆ ತಿರುಗಿದಳು. "ಕರ್ಕೊಂಡು ಹೋಗಪ್ಪ ಇವಳನ್ನ, ಒಲೆ ಒಂದುಳಿದಿದೆ ನನಗೆ."

*

ಟಿಪ್ಪರು ಹೊಳೆಯ ನಡುವೆ ಮಂಡಿ ಮುರಿದ ಒಂಟೆಯ ಹಾಗೆ ಮಗ್ಗುಲಾಗಿ ಬಿದ್ದಿತ್ತು. ಡ್ರೈವರನ ಬಾಗಿಲು ಆಕಾಶಕ್ಕೆ ಮುಖಮಾಡಿ ತೆರೆದುಕೊಂಡಿತ್ತು. ಮುರಿದ ಸೇತುವೆಯ ಕಬ್ಬಿಣಕ್ಕೆ ಗಾಳಿ ಬಡಿದು ಒಂದೇ ಸಮ ಕಿರುಗುಟ್ಟುತ್ತಿತ್ತು.

"ನೋಡಿ ಅಕ್ಕ," ಶೆರಾಲಿ ತೋರಿಸಿದ. "ಬಾಡಿಯ ಮೇಲೆ ಹಲಗೆ ಬಿಗಿದು ಎಷ್ಟು ಎತ್ತರ ಮಾಡ್ಕೊಂಡಿದಾನೆ ನೋಡಿ. ಆಸೆಬುರುಕ. ಅಷ್ಟು ತುಂಬಿದ್ರೆ ಯಾವ ಸೇತುವೆ ತಡ್ಕೊಳ್ಳುತ್ತೆ?"

"ಕಲ್ಲಿದ್ದಲ ಟಿಪ್ಪರಿಗೆಲ್ಲ ಹಲಗೆ ಇರುತ್ತೆ. ನಿಂದಕ್ಕೆ ಇರ್ಲಿಲ್ವಾ?"

"ಇತ್ತು."

"ನೀನೆಷ್ಟು ಸೇತುವೆ ಬೀಳಿಸ್ದೆ?"

ಶೆರಾಲಿ ನಕ್ಕ. ನಗು ಗಾಳಿಗೆ ಹಾರಿಹೋಯಿತು.

ಈ ಕಣಿವೆಯಲ್ಲಿ ಲೋಡನ್ನು ಅಳೆಯುವುದು ಹಲಗೆಯಿಂದ. ಕಲ್ಲಿದ್ದಲು ಹಗುರ; ಕಾರ್ಖಾನೆಯವರು ಕೊಟ್ಟ ಬಾಡಿ ತುಂಬಿ ತುಳುಕಿದರೂ ಟಿಪ್ಪರಿನ ತಾಕತ್ತು ಇನ್ನೂ ಉಳಿದಿರುತ್ತದೆ. ಅದಕ್ಕೇ ಚಳಿಗಾಲ ಬಂತೆಂದರೆ ಡ್ರೈವರುಗಳು ಹಲಗೆ ಏರಿಸುತ್ತಾರೆ; ಬೇಸಿಗೆಗೆ ಜಲ್ಲಿ ಹೊಡೆಯುವಾಗ ಬಿಚ್ಚಿಡುತ್ತಾರೆ. ಹಲಗೆಯ ಮಟ್ಟಕ್ಕಿದ್ದರೆ ಲೋಡು ಸರಿ. ಟ್ರಾಫಿಕ್ಕಿನವನು ಅಷ್ಟೇ ನೋಡುತ್ತಾನೆ, ಊರವರೂ ಅಷ್ಟೇ ನೋಡುತ್ತಾರೆ. ತುರ್ಸುನಾಯಿಯೂ ಮೂರು ದಿನದಿಂದ ಅಷ್ಟೇ ನೋಡಿದ್ದಳು. ಕಣ್ಣಿಗೆ ಕಾಣುವುದು ಎತ್ತರ. ಉಣ್ಣೆಯ ಚೀಲ, ಉಪ್ಪಿನ ಚೀಲ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಕಣ್ಣು ಎರಡನ್ನೂ ಚೀಲ ಎನ್ನುತ್ತದೆ, ಅಷ್ಟೇ.

ಅವಳು ದಂಡೆಯ ಮೇಲೆ ಆಚೆಯಿಂದೀಚೆಗೆ ನಡೆಯುತ್ತ ಗಟ್ಟಿಯಾಗಿ ಲೆಕ್ಕ ಹಾಕಿದಳು.

"ಖಾಲಿ ಟಿಪ್ಪರು ಹದಿನೈದು ಟನ್ನು. ಹಲಗೆ ತುಂಬ ಕಲ್ಲಿದ್ದಲು ಅಂದ್ರೆ ಹದಿನೆಂಟು. ಎರಡೂ ಸೇರಿ ಮೂವತ್ಮೂರು. ಸೇತುವೆ ಬೋರ್ಡಲ್ಲಿ ನಲವತ್ತು ಅಂತ ಬರೆದಿದೆ. ಬೀಳ್ಬಾರದಿತ್ತು."

"ಹಳೇ ಸೇತುವೆ ಅಕ್ಕ. ತುಕ್ಕು."

"ಈಗ ಬಾಡಿಯ ತಳದಲ್ಲಿ ಮೂರನೇ ಒಂದು ಭಾಗ ಈ ಕಲ್ಲು ಅಂದ್ಕೋ. ಮೇಲೆ ಕಲ್ಲಿದ್ದಲು ಮುಚ್ಚು. ಹಲಗೆ ಮಟ್ಟ ಅಷ್ಟೇ ಇರುತ್ತೆ. ನೋಡೋರಿಗೆ ದಿನಾ ಹೋಗೋ ಟಿಪ್ಪರೇ. ಆದ್ರೆ ತೂಕ ಐವತ್ತು ದಾಟುತ್ತೆ."

ಶೆರಾಲಿ ಜೀಪಿನ ಕಡೆ ತಿರುಗಿದ.

"ಹಂಗಾದ್ರೆ ಹುಡುಗ ಬರೀ ದಡ್ಡ ಅಲ್ಲ, ಮುಚ್ಚಿದ ಗಣಿಯ ಅದಿರು ಕದ್ದು ಸಾಗಿಸೋ ಕಳ್ಳ. ನಿಮ್ಮ ಕೇಸು ಇನ್ನೂ ಗಟ್ಟಿಯಾಯ್ತು. ನಡೀರಿ, ರುಜು ಹಾಕಿ ಮನೆಗೆ ಹೋಗೋಣ."

"ಲಾರಿ ತೂಗೋ ಕಾಟಾದಲ್ಲಿ ಕೂತಿದ್ದ ಅಸಾನ್ಕುಲನಿಗೆ ಆ ಐವತ್ತು ಕಂಡಿರ್ಬೇಕಲ್ಲ. ಕಂಡೂ ಯಾಕೆ ಬಿಟ್ಟ? ಬಿಟ್ಟೋನು ಹಾಡುಹಗಲೇ ಕಾಟಾಕ್ಕೆ ಬೀಗ ಜಡಿದು ಅದೇ ಟಿಪ್ಪರಲ್ಲಿ ಯಾಕೆ ಕೂತ?"

"ಮಗಳ ಮನೆಗೆ ಹೊರಟಿದ್ದ ಅಂತಾರೆ."

"ಅಂತಾರೆ," ಎಂದಳು ತುರ್ಸುನಾಯಿ. "ಆಸ್ಪತ್ರೆಗೆ ನಡಿ."

ಕಲ್ಲು ಬಟ್ಟೆಯಲ್ಲಿ ಸುತ್ತಿ ಅವಳ ಚೀಲದಲ್ಲಿತ್ತು. ಜೀಪು ಗುಂಡಿಗಿಳಿದಾಗಲೆಲ್ಲ ಕಾಲಿಗೆ ಬಡಿಯುತ್ತಿತ್ತು. ಎಡಗಡೆ ಕೂತು ಓಡಿಸುತ್ತಿದ್ದ ಶೆರಾಲಿ ಬಲಗೈಯಿಂದ ಗೇರು ಬದಲಿಸಿದಾಗಲೆಲ್ಲ ಸ್ಟೀರಿಂಗನ್ನು ಎಡಗೈಗೆ ಒಪ್ಪಿಸುವ ಬದಲು ಎರಡು ಮಂಡಿಗಳ ನಡುವೆ ಅದುಮಿ ಹಿಡಿಯುತ್ತಿದ್ದ. ಪಕ್ಕದಲ್ಲಿ ಪ್ರಪಾತ.

"ಈ ಸರ್ಕಸ್ಸು ನನ್ನನ್ನಿಳಿಸಿದ ಮೇಲೆ ಮಾಡು."

"ಹೆಗಲು ಹಿಡ್ಕೊಂಡಿದೆ ಅಕ್ಕ. ಮೊನ್ನೆ ರಜೆ ಹಾಕಿ ಚಿಕ್ಕಮ್ಮನ ಪುಣ್ಯತಿಥಿಗೆ ಹೋಗಿದ್ನಲ್ಲ, ಆ ಮನೇಲಿ ಒಲೇನೇ ಹಚ್ಚಿರ್ಲಿಲ್ಲ. ನೆಲದ ಮೇಲೆ ಮಲಗಿ ಹಿಂಗಾಗಿದೆ."

"ಚಿಕ್ಕಮ್ಮ ಬದುಕಿದ್ದಾಗ್ಲೂ ಜಿಪುಣಿ ಅಂತಿದ್ದೆ."

"ಸತ್ತ ಮೇಲೂ ಬಿಡ್ಲಿಲ್ಲ ನೋಡಿ."

*

ಮೆದೆರನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಾವಲಿನ ಪೇದೆ ಸೂರ್ಯಕಾಂತಿ ಬೀಜ ಕಡಿಯುತ್ತ ಕೂತಿದ್ದ. ಅವಳನ್ನು ಕಂಡು ಸಿಪ್ಪೆಯನ್ನು ಟೋಪಿಯೊಳಗೆ ಹಾಕಿಕೊಂಡು, ಅದನ್ನೇ ತಲೆಗಿಟ್ಟು, ಸೆಲ್ಯೂಟ್ ಹೊಡೆದ.

ಹುಡುಗನ ಬಲಗೈಯನ್ನು ಎದೆಗೆ ಕಟ್ಟಿದ್ದರು. ತುರ್ಸುನಾಯಿ ಕಲ್ಲನ್ನು ಹೊರತೆಗೆದು ಹಾಸಿಗೆಯ ಮೇಲಿಟ್ಟಳು. ಹಾಸಿಗೆ ತಗ್ಗಿತು. ಮೆದೆರ್ ಕಾಲು ಹಿಂದಕ್ಕೆಳೆದುಕೊಂಡ.

"ಇದೇನು?" ಎಂದು ಕೇಳಿದಳು ತುರ್ಸುನಾಯಿ.

"ಕಲ್ಲು."

"ಕಲ್ಲು ಅಂತ ಅಜ್ಜೀನೂ ಅಂದ್ಲು. ನಿನ್ನ ಟಿಪ್ಪರಲ್ಲಿತ್ತು."

"ನಂಗೊತ್ತಿಲ್ಲ."

"ಗಣಿಯಿಂದ ಇಳೀತಾ ತಿರುವಲ್ಲಿ ಯಾವ ಗೇರಲ್ಲಿದ್ದೆ?"

"ನೆನಪಿಲ್ಲ."

"ಬ್ರೇಕು ಸುಟ್ಟ ವಾಸನೆ ಬರ್ಲಿಲ್ವಾ?"

"ಇಲ್ಲ."

"ಮೆದೆರ್, ನಮ್ಮಪ್ಪನೂ ಟಿಪ್ಪರ್ ಓಡಿಸ್ತಿದ್ದ. ಲೋಡು ಹಾಕಿ ಹತ್ತು ಮಾರು ಹೋಗೋದ್ರೊಳಗೆ, 'ಇವತ್ತು ಒದ್ದೆ ಕಲ್ಲಿದ್ದಲು ಹಾಕಿದಾರೆ ಬಡ್ಡೀಮಕ್ಳು' ಅಂತ ಬೈತಿದ್ದ. ಒದ್ದೆ ಒಣ ಅನ್ನೋ ವ್ಯತ್ಯಾಸ ಅವನ ಕೂತ ಜಾಗಕ್ಕೆ ಗೊತ್ತಾಗ್ತಿತ್ತು. ನಿನ್ನ ಬೆನ್ನಿಗೆ ಇನ್ನೊಂದು ಟಿಪ್ಪರ್ ಕಟ್ಟಿದಷ್ಟು ಭಾರ ಇತ್ತು, ನಿಂಗೇನೂ ಗೊತ್ತಾಗ್ಲಿಲ್ಲ?"

"ಗೊತ್ತಾಗ್ಲಿಲ್ಲ."

ಹೇಳುವಾಗ ಅವನ ಕಣ್ಣು ಅವಳ ಮೇಲಿರಲಿಲ್ಲ. ಬಾಗಿಲ ಕಡೆ ಹೋಗಿ ಕಲ್ಲಿಗೆ ಬಂತು, ಮತ್ತೆ ಬಾಗಿಲಿಗೆ ಹೋಯಿತು. ಬಾಗಿಲ ಚೌಕಟ್ಟಿಗೆ ಒರಗಿ ಶೆರಾಲಿ ಬೇಸರದಿಂದ ಆಕಳಿಸುತ್ತಿದ್ದ. ಓಡಿಹೋಗುವ ದಾರಿ ಹುಡುಕುತ್ತಿದ್ದಾನೆ ಎಂದುಕೊಂಡಳು ತುರ್ಸುನಾಯಿ. ಸುಳ್ಳು ಹೇಳುವವರೆಲ್ಲ ಬಾಗಿಲು ನೋಡುತ್ತಾರೆ.

"ಒಪ್ಕೊಂಡ್ಬಿಡೋ," ಶೆರಾಲಿ ಅಲ್ಲಿಂದಲೇ ಹೇಳಿದ, ಮಗುವಿಗೆ ಔಷಧಿ ಕುಡಿಸುವವನ ದನಿಯಲ್ಲಿ. "ಅಕ್ಕ ಒಳ್ಳೇವ್ರು. ಒಪ್ಕೊಂಡ್ರೆ ಶಿಕ್ಷೆ ಕಡಿಮೆ ಮಾಡಿಸ್ತಾರೆ."

"ಒಪ್ಕೋತೀನಿ," ಎಂದ ಮೆದೆರ್ ತಟ್ಟನೆ. "ನಾನೇ ತುಂಬಿದ್ದು. ನಾನೇ ಓಡಿಸಿದ್ದು. ಎಲ್ಲಿ ರುಜು ಹಾಕ್ಬೇಕು?"

ಇಷ್ಟು ಸುಲಭವಾಗಿ ಸಿಕ್ಕಿದ್ದು ತುರ್ಸುನಾಯಿಗೆ ಹಿಡಿಸಲಿಲ್ಲ. ಕುರ್ಚಿ ಬಿಟ್ಟೆದ್ದು ಕಿಟಕಿಗೆ ಹೋದಳು, ವಾಪಸು ಬಂದಳು, ಕೂರಲಿಲ್ಲ. ನೀರಿಗಾಗಿ ಹುಡುಗ ಮುಂದಕ್ಕೆ ಬಾಗಿದ. ಅಂಗಿಯ ಗುಂಡಿ ಹಾಕಿರಲಿಲ್ಲ; ಎದೆಯ ಮೇಲೆ ಅಂಗೈ ಅಗಲದ ನೀಲಿ ಪಟ್ಟಿ. ಬಲ ಹೆಗಲಿನಿಂದ ಇಳಿದು ಎಡ ಸೊಂಟದ ಕಡೆಗೆ ಓರೆಯಾಗಿ ಹೋಗಿತ್ತು.

ಸೀಟ್ ಬೆಲ್ಟಿನ ಗುರುತು.

ಈ ಬೆಟ್ಟದ ದಾರಿಯಲ್ಲಿ ಯಾವ ಟಿಪ್ಪರ್ ಡ್ರೈವರನೂ ಬೆಲ್ಟು ಹಾಕುವುದಿಲ್ಲ. ಹಾಕೆಂದರೆ ನಗುತ್ತಾರೆ. ಬ್ರೇಕು ಕೈಕೊಟ್ಟಾಗ ಹಾರಬೇಕಾದವನು ಕಟ್ಟಿಕೊಂಡು ಕೂರುತ್ತಾನೆಯೇ? ಅವಳ ಅಪ್ಪ ಬಾಗಿಲಿನ ಚಿಲಕವನ್ನೂ ಅರ್ಧವೇ ಹಾಕುತ್ತಿದ್ದ.

ಹೋಗಲಿ, ಹಾಕಿದ್ದ ಎಂದೇ ಇಟ್ಟುಕೊಂಡರೂ ಇಲ್ಲಿನ ಗಾಡಿಗಳಲ್ಲಿ ಸ್ಟೀರಿಂಗ್ ಇರುವುದು ಎಡಗಡೆ. ಅಲ್ಲಿ ಕೂತವನ ಬೆಲ್ಟು ಎಡ ಹೆಗಲಿನಿಂದ ಇಳಿಯುತ್ತದೆ. ಬಲ ಹೆಗಲಿನಿಂದ ಇಳಿಯುವ ಬೆಲ್ಟು ಬಲಗಡೆಯ ಬಾಗಿಲ ಪಕ್ಕ ಕೂತವನದು.

"ಶೆರಾಲಿ," ತುರ್ಸುನಾಯಿ ತಿರುಗದೆಯೇ ಹೇಳಿದಳು, "ಜೀಪಿಗೆ ಪೆಟ್ರೋಲ್ ಹಾಕಿಸ್ಕೊಂಡು ಬಾ. ಗಣಿಗೆ ಹೋಗ್ಬೇಕು."

"ಅರ್ಧ ಟ್ಯಾಂಕ್ ಇದೆ ಅಕ್ಕ."

"ಪೂರ್ತಿ ಮಾಡಿಸು."

ಅವನ ಹೆಜ್ಜೆ ಮೆಟ್ಟಿಲಿಳಿದ ಸದ್ದಾಗುವವರೆಗೆ ಕಾದು ಬಾಗಿಲು ಹಾಕಿದಳು. ಮೆದೆರ್ ಗುರುವಾರದಿಂದ ಹಿಡಿದಿಟ್ಟಂತಿದ್ದ ಉಸಿರನ್ನು ಈಗ ಬಿಟ್ಟ.

"ಓಡಿಸ್ತಿದ್ದೋನು ನೀನಲ್ಲ."

ಮೆದೆರ್ ಅಂಗಿಯನ್ನು ಎದೆಯ ಮೇಲೆ ಎಳೆದುಕೊಂಡ.

"ಬೆಲ್ಟು ಯಾಕೆ ಹಾಕಿದ್ದೆ?"

"ಅವ್ರೇ ಹಾಕ್ಕೊಳ್ಳಿ ಅಂದ್ರು." ಹುಡುಗನ ದನಿ ಒಡೆಯಿತು. "ನಡುವೆ ಕೂತಿದ್ದ ಅಸಾನ್ಕುಲ್ ಅಣ್ಣಂಗೂ ನಂಗೂ. ಕಾನೂನು ಅಂದ್ರು. ಅವ್ರಂದ್ಮೇಲೆ ಇಲ್ಲ ಅನ್ನೋಕಾಗುತ್ತಾ?"

"ಮೊದಲಿಂದ ಹೇಳು."

"ಲೋಡು ಹಾಕ್ದಾಗ ನಾನು ಚಹಾ ಕುಡೀತಿದ್ದೆ. ಗಾಡಿ ಎತ್ತಿದ ತಕ್ಷಣ ಗೊತ್ತಾಯ್ತು ಅಕ್ಕ, ಗೊತ್ತಾಗ್ದೆ ಇರುತ್ತಾ? ಹಿಂದಿನ ಟೈರು ಚಪಾತಿ ಆಗಿದ್ವು. ಕಾಟಾ ಹತ್ತಿಸ್ದಾಗ ಅಸಾನ್ಕುಲ್ ಅಣ್ಣ ಬಂದು ಹಲಗೆ ಹತ್ತಿ ಕೈ ಹಾಕಿ ಕೆದಕಿದ. ಇಳಿದು ಬಂದು, 'ಎಲ್ಲೂ ನಿಲ್ಲಿಸ್ಬೇಡ, ಸೀದಾ ಪೊಲೀಸ್ ಕಚೇರಿಗೆ ನಡಿ, ನಾನೂ ಬರ್ತೀನಿ' ಅಂದ. ದಾರೀಲಿ ಕಚೇರಿಗೆ ಫೋನ್ ಮಾಡಿ ನಿಮ್ಮನ್ನ ಕೇಳ್ದ. ನೀವಿಲ್ಲ ಅಂದ್ರಂತೆ. ಅಲ್ಲೇ ಇರಿ, ನಮ್ಮೋರೊಬ್ರು ಅಲ್ಲೇ ಹತ್ರದಲ್ಲಿದಾರೆ, ಬರ್ತಾರೆ ಅಂದ್ರಂತೆ."

"ಬಂದ್ರಾ?"

"ಬಂದ್ರು. ಬ್ರೇಕು ಹೊಗೆಯಾಡ್ತಿತ್ತು. ಅದನ್ನ ನೋಡಿ, 'ನೀನು ಎಳೇ ಹುಡುಗ, ಇಂಥ ಭಾರ ಇಳಿಸೋದು ನಂಗೆ ಬಿಡು, ಸೇತುವೆ ಮೇಲೆ ಬೇಡ, ಪಕ್ಕದಲ್ಲಿ ನೀರಿಗಿಳಿಸಿ ದಾಟಿಸ್ತೀನಿ' ಅಂದ್ರು. ಚೆನ್ನಾಗೇ ಓಡಿಸಿದ್ರು ಅಕ್ಕ. ನನಗಿಂತ ಚೆನ್ನಾಗಿ. ಸೇತುವೆ ಹತ್ರ ಬಂದಾಗ ಸ್ಟೀರಿಂಗ್ ತಿರುಗಿಸ್ಲೇ ಇಲ್ಲ. ಬಾಗಿಲು ತೆಗೆದು ಹಾರಿದ್ರು. ಅಸಾನ್ಕುಲ್ ಅಣ್ಣ ಬೆಲ್ಟು ಬಿಚ್ಚೋಕೆ ನೋಡ್ತಿದ್ದ. ಬಿಚ್ಚೋಕೆ ಬರ್ಲಿಲ್ಲ ಅವನಿಗೆ. ಜನ್ಮದಲ್ಲಿ ಹಾಕಿರ್ಲಿಲ್ಲ."

"ಯಾರು, ಮೆದೆರ್?"

ಹುಡುಗ ಹೆಸರು ಹೇಳಲಿಲ್ಲ. ಹೆಸರು ಗೊತ್ತಿತ್ತೋ ಇಲ್ಲವೋ. ಬಾಗಿಲ ಚೌಕಟ್ಟಿನ ಕಡೆ ನೋಡಿದ, ಈಗ ಅಲ್ಲಿ ಯಾರೂ ಒರಗಿ ನಿಂತಿರಲಿಲ್ಲ.

ಅವಳು ಹಾಸಿಗೆಯ ಮೇಲಿನ ಕಲ್ಲನ್ನು ನೋಡಿದಳು. ಅಜ್ಜಿಯ ಅಳಿಯ ಇದನ್ನು ಮೊದಲ ಸಲ ಎತ್ತಿ ಕಾಲ ಮೇಲೆ ಹಾಕಿಕೊಂಡಿದ್ದ. ತಾನು ಎತ್ತಿ ನೆಲ ಸೀಳಿದ್ದಳು. ಕಲ್ಲಿನ ಗಾತ್ರ ನೋಡಿ ಕೈ ಹಾಕಿದ ಯಾರಿಗಾದರೂ ಹಾಗೇ ಆಗಬೇಕು. ಕಣ್ಣು ಹೇಳಿದ ತೂಕವನ್ನೇ ಕೈ ನಂಬುವುದು.

ಒಬ್ಬನು ಮಾತ್ರ ಕಾಲಗಲಿಸಿ ನಿಂತಿದ್ದ. ಮಂಡಿ ಬಗ್ಗಿಸಿದ್ದ. ಎತ್ತುವ ಮೊದಲೇ ಉಸಿರು ಬಿಗಿಹಿಡಿದಿದ್ದ. ಎಡಗೈಯನ್ನು ಜೇಬಿನಿಂದ ತೆಗೆದೇ ಇರಲಿಲ್ಲ. ಎಡಗಡೆಯ ಬಾಗಿಲಿನಿಂದ ಹಾರಿದವನು ಬೀಳುವುದು ಯಾವ ಹೆಗಲಿನ ಮೇಲೆ? ಗುರುವಾರ ರಜೆ ಹಾಕಿ, ಆ ಕದ್ದ ಅದಿರಿನ ಕಾವಲಿಗೆ ಹತ್ತಿರದಲ್ಲೇ ಇದ್ದವನು ಯಾರು?

ಬೆಳಗಿನಿಂದ ಅವಳ ಲೆಕ್ಕವನ್ನೆಲ್ಲ ಅವನೇ ಮೊದಲು ಕೇಳಿಸಿಕೊಂಡಿದ್ದ.

"ಯಾರಿಗೂ ಬಾಗಿಲು ತೆಗೀಬೇಡ ಅಂತ ಪೇದೆಗೆ ಹೇಳ್ತೀನಿ," ಎಂದು ಅವಳು ಬಾಗಿಲು ತೆರೆದಳು.

ಬೆಂಚು ಖಾಲಿಯಿತ್ತು. ಸೂರ್ಯಕಾಂತಿ ಸಿಪ್ಪೆ ಮಾತ್ರ ನೆಲದ ಮೇಲಿತ್ತು. ಎದುರಿಗೆ ಶೆರಾಲಿ ನಿಂತಿದ್ದ, ಏದುಸಿರೂ ಇಲ್ಲದೆ. ಪೆಟ್ರೋಲ್ ಬಂಕು ಊರಾಚೆ ಇದೆ; ಅವನು ಅಲ್ಲಿಗೆ ಹೋಗಿರಲೇ ಇಲ್ಲ.

"ಪಾಪ, ಅವನು ಬೆಳಗಿಂದ ಏನೂ ತಿಂದಿಲ್ಲವಂತೆ ಅಕ್ಕ. ಊಟಕ್ಕೆ ಕಳಿಸಿದೆ," ಎಂದ. "ಕಚೇರಿಯಿಂದ ಸಾಹೇಬ್ರು ಫೋನ್ ಮಾಡಿದ್ರು. ನೀವು ಈಗ್ಲೇ ಗಣಿಗೆ ಹೋಗ್ಬೇಕಂತೆ. ನಂಗೆ ಈ ಹೆಗಲಲ್ಲಿ ಆ ಬೆಟ್ಟ ಆಗಲ್ಲ, ಜೀಪು ನೀವೇ ತಗೊಂಡ್ಹೋಗಿ. ಹುಡುಗನ ಜೊತ್ಗೆ ನಾನಿರ್ತೀನಿ."

ಬಲಗೈ ಚಾಚಿ ಜೀಪಿನ ಕೀ ಹಿಡಿದ. ಹಿಂದೆ ಹಾಸಿಗೆಯ ಕಂಬಿ ಒಮ್ಮೆ ಕಿರುಗುಟ್ಟಿತು. ಮೆದೆರ್ ಗೋಡೆಗೆ ಸರಿದಿರಬೇಕು.

ತುರ್ಸುನಾಯಿ ಕೀ ನೋಡಲಿಲ್ಲ. ಶೆರಾಲಿಯ ಎಡಗೈ ಇನ್ನೂ ಜೇಬಿನಲ್ಲೇ ಇತ್ತು. ಆ ಜೇಬು ಬೆಳಗ್ಗೆ ಅಜ್ಜಿಯ ಮನೆಯಲ್ಲಿದ್ದ ಹಾಗೆ ಇರಲಿಲ್ಲ. ಬರೀ ಒಂದು ಕೈಗಿಂತ ಭಾರವಾದ, ಪಿಸ್ತೂಲಿನಂಥದ್ದೇನನ್ನೋ ಹೊತ್ತು, ಹೊಲಿಗೆ ಬಿಗಿದುಕೊಂಡು, ಕೆಳಗೆ ಜಗ್ಗುತ್ತಿತ್ತು.